ತಗಡು ಕತ್ತರಿಗಳ ಆಯ್ಕೆ ಸಮಿತಿ

ಮನೆಯಲ್ಲೇ ವಿಮಾನ ಕಟ್ಟಿಕೊಳ್ಳಲು ಯಾವ ಪ್ರಜೆಗೂ ಯಾವ ಅಡ್ಡಿಯೂ ಇಲ್ಲ. ಆ ವಿಮಾನದ ತಗಡನ್ನು ಯಾವ ಕತ್ತರಿಯಿಂದ ಕತ್ತರಿಸಬೇಕು, ಯಾವ ಯಂತ್ರದಿಂದ ಬಗ್ಗಿಸಬೇಕು ಎಂಬುದನ್ನು ಮಾತ್ರ ಗೃಹನಿರ್ಮಿತ ವಿಮಾನ ತಗಡು ಉಪಕರಣ ಆಯ್ಕೆ ಸಮಿತಿಯು ನಿರ್ಧರಿಸತಕ್ಕದ್ದು. ಸಮಿತಿ ಸ್ಥಾಪನೆಯಾಗಿ ಹದಿನಾಲ್ಕು ವರ್ಷಗಳಾದವು. ಮೊದಲ ಹನ್ನೊಂದು ವರ್ಷಗಳಲ್ಲಿ ಗೃಹನಿರ್ಮಿತ ವಿಮಾನದ ಒಂದೇ ಒಂದು ಅಪಘಾತವೂ ಸಂಭವಿಸಲಿಲ್ಲ. ಒಂದೇ ಒಂದು ಗೃಹನಿರ್ಮಿತ ವಿಮಾನವೂ ಹಾರಲಿಲ್ಲವಲ್ಲ ಎಂದು ಕೆಲವರು ಕೊಂಕು ತೆಗೆಯುತ್ತಾರೆ. ಕೊಂಕು ತೆಗೆಯುವವರಿಗೆ ಬೇರೆ ಕೆಲಸವಿರುವುದಿಲ್ಲ. ನಮಗೆ ಇದೆ.

ನಾನು ಈ ಸಮಿತಿಯ ಕಾರ್ಯದರ್ಶಿ. ನಮ್ಮ ಕಚೇರಿ ಎರಡನೇ ಮಹಡಿಯಲ್ಲಿದೆ. ಒಂದು ಉದ್ದನೆಯ ಮೇಜು, ಏಳು ಕುರ್ಚಿ, ಕಿಟಕಿಗೆ ಅಡ್ಡವಾಗಿ ನಿಲ್ಲಿಸಿದ ಎರಡು ಕಡತದ ಬೀರು. ಅಧ್ಯಕ್ಷರು ಬಹಳ ಅನುಭವಿಗಳು. ಇದಕ್ಕೂ ಮೊದಲು ನಾಲ್ಕು ಸಮಿತಿಗಳ ಅಧ್ಯಕ್ಷರಾಗಿದ್ದು ಒಂದನ್ನೂ ಅವಸರದಲ್ಲಿ ಮುಗಿಸಿದವರಲ್ಲ. ಲೋಹದ ಸೂಕ್ಷ್ಮ ಕೆಲಸ ಬಲ್ಲ ಒಬ್ಬ ತಜ್ಞ ಸದಸ್ಯರಿರಬೇಕು ಎಂದು ನಿಯಮದಲ್ಲಿದೆ. ಅರ್ಜಿ ಹಾಕಿದವರಲ್ಲಿ ಅಂಥವರು ಒಬ್ಬ ಹಲ್ಲಿನ ಡಾಕ್ಟರು ಮಾತ್ರ ಇದ್ದುದರಿಂದ ಅವರನ್ನೇ ನೇಮಿಸಲಾಗಿದೆ. ಉಳಿದ ಸದಸ್ಯರು ಬರುವುದಿಲ್ಲ. ಅವರ ಬಿಸ್ಕತ್ತು ಬರುತ್ತದೆ.

ಮೂರು ವರ್ಷಗಳ ಹಿಂದೆ ಒಂದು ಸೋಮವಾರ ಒಬ್ಬ ಅಕ್ಕ, ಒಬ್ಬ ತಮ್ಮ ನಮ್ಮ ಮೆಟ್ಟಿಲು ಹತ್ತಿ ಬಂದರು. ತಮ್ಮ ಮೂವತ್ತಮೂರು ವರ್ಷ ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ತಗಡಿನ ಕೆಲಸ ಮಾಡಿದವನು. ಎಲ್ಲರೂ ಅವನನ್ನು ಮೇಸ್ತ್ರಿ ಅನ್ನುತ್ತಿದ್ದರು. ಕಡತದಲ್ಲಿ ನಾವೂ ಹಾಗೇ ಬರೆದುಕೊಂಡೆವು. ಅಕ್ಕ ವಿಮಾನ ಓಡಿಸುವವಳು. ಹೊಲಗಳ ಮೇಲೆ ಕೀಟನಾಶಕ ಚೆಲ್ಲುವ ಪುಟ್ಟ ವಿಮಾನವನ್ನು ಇಪ್ಪತ್ತೊಂಬತ್ತು ವರ್ಷ ಓಡಿಸಿದ್ದಳು. ಕಂಪನಿ ಮುಚ್ಚಿದ ಮೇಲೆ ಮನೆಯಲ್ಲಿದ್ದಳು. ತಮ್ಮ ತಂದದ್ದನ್ನೆಲ್ಲ ಮೇಜಿನ ಮೇಲೆ ಹರಡಿದ.

"ಇವು ಕತ್ತರಿ ಸಾರ್. ಕೆಂಪು ಹಿಡಿಕೇದು ಎಡಕ್ಕೆ ತಿರುಗಿಸಿ ಕತ್ತರಿಸೋಕೆ, ಹಸಿರು ಬಲಕ್ಕೆ, ಹಳದಿ ನೇರಕ್ಕೆ. ಇದು ತಗಡು ಬಗ್ಗಿಸೋ ಯಂತ್ರದ ಫೋಟೋ. ನಾನೇ ಮಾಡಿದ್ದು. ಎರಡು ಕಬ್ಬಿಣದ ಆಂಗಲ್ಲು, ಮೂರು ಬಾಗಿಲ ಕೀಲು, ಅಷ್ಟೇ. ತುದೀನ ಅರ ಹಾಕಿ ಉಜ್ಜಿ ದುಂಡಗೆ ಮಾಡಿದೀನಿ. ಚೂಪಾಗಿ ಬಗ್ಗಿಸಿದ್ರೆ ಮಡಿಕೇಲಿ ತಗಡು ಬಿರುಕು ಬಿಡತ್ತೆ."

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು. "ಒಂದು ತಗಡಿಗೆ ಮೂರು ಕತ್ತರಿ ಯಾಕ್ರೀ? ನಮ್ಮನೇಲಿ ಎಲ್ಲದಕ್ಕೂ ಒಂದೇ ಕತ್ತರಿ."

"ರೆಕ್ಕೆ ಮುಂಭಾಗ ದುಂಡಗಿರತ್ತೆ ಸಾರ್. ನೇರ ಕತ್ತರೀಲಿ ತಿರುಗಿಸಕ್ಕೆ ಹೋದ್ರೆ ಅಂಚು ಹರಿಯತ್ತೆ."

"ಹಾಗಾದ್ರೆ ರೆಕ್ಕೇನೇ ನೇರ ಮಾಡಿ."

ಮೇಸ್ತ್ರಿ ಅಕ್ಕನ ಮುಖ ನೋಡಿದ. ತಜ್ಞ ಸದಸ್ಯರು ಮಧ್ಯೆ ಬಂದು, "ನಾವು ಹಲ್ಲು ಕೀಳೋಕೂ ಎಡಕ್ಕೊಂದು ಬಲಕ್ಕೊಂದು ಇಕ್ಕಳ ಇಟ್ಕೋತೀವಿ. ಆದ್ರೆ ನಾವು ಡಾಕ್ಟರು," ಎಂದರು. ಇದು ಗಂಭೀರವಾದ ಅಂಶವಾದ್ದರಿಂದ ದಾಖಲಿಸಿಕೊಂಡೆ.

ಆಗ ಅಕ್ಕ ಮಾತಾಡಿದಳು. ಗಟ್ಟಿ ದನಿ, ಎಂಜಿನ್ ಸದ್ದಿನ ಪಕ್ಕ ಬದುಕಿದವರ ದನಿ.

"ಸಾರ್, ನನಗೆ ಹತ್ತು ತಿಂಗಳಲ್ಲಿ ಅರವತ್ತೈದು ತುಂಬತ್ತೆ. ಅವತ್ತಿಗೆ ಲೈಸೆನ್ಸ್ ಮುಗೀತು. ಇವನಿಗೆ ಏಳು ತಿಂಗಳ ಕೆಲಸ ಇದೆ. ಈ ಹತ್ಯಾರಕ್ಕೆ ನೀವೊಂದು ಸಹಿ ಹಾಕಿಬಿಟ್ರೆ ನಾಳೇನೇ ಶುರು ಮಾಡ್ತಾನೆ."

"ಇಪ್ಪತ್ತೊಂಬತ್ತು ವರ್ಷ ಹಾರಿದೀರಿ. ಇನ್ನೂ ಆಸೆಯೇ ಮೇಡಂ?"

"ಹಾರಿದ್ದೆಲ್ಲಾ ತೆಂಗಿನ ಮರಕ್ಕಿಂತ ಕೆಳಗೆ ಸಾರ್. ಔಷಧಿ ಚೆಲ್ಲೋರು ಮೇಲೆ ಹೋಗೋ ಹಾಗಿಲ್ಲ. ಇಪ್ಪತ್ತೊಂಬತ್ತು ವರ್ಷ ಬರೀ ಬೆಳೆ ನೋಡಿದೀನಿ. ಒಂದೇ ಒಂದ್ಸಲ ಮೇಲೆ ಹೋಗಬೇಕು. ಇವನನ್ನ ಹಿಂದೆ ಕೂರಿಸ್ಕೊಂಡು."

ನನಗೆ ಕೇಳಿ ಸಂಕಟವಾಯಿತು. ಆದರೆ ಕಾರ್ಯದರ್ಶಿಯ ಸಂಕಟವನ್ನು ನಡಾವಳಿಯಲ್ಲಿ ಬರೆಯುವ ಕ್ರಮವಿಲ್ಲ. ಅರ್ಜಿ ಸ್ವೀಕರಿಸಿ, ಕಡತ ತೆರೆದು, ದಾರ ಕಟ್ಟಿದೆ. ದಾರ ಚೆನ್ನಾಗಿ ಕಟ್ಟಿದ್ದೆ ಎಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಪರೀಕ್ಷೆಗಳು ನಿಯಮದ ಪ್ರಕಾರ ಆರಂಭವಾದವು. ನಿಯಮ ನಾಲ್ಕರಂತೆ ಯಾವ ಉಪಕರಣವನ್ನಾಗಲಿ ಅರ್ಜಿದಾರರ ಸ್ವಂತ ತಗಡಿನ ಮೇಲೆಯೇ ಪರೀಕ್ಷಿಸಬೇಕು. ಮೇಸ್ತ್ರಿಯ ಶೆಡ್ಡಿನಲ್ಲಿ ಮೂವತ್ತು ಅಲ್ಯೂಮಿನಿಯಂ ಹಾಳೆಗಳಿದ್ದವು. ಒಂದಕ್ಕೊಂದು ಗೀರು ಬೀಳದಂತೆ ನಡುವೆ ಕಾಗದ ಹಾಕಿ, ಮಲಗಿದ ಮಗುವಿಗೆ ಹೊದೆಸಿದ ಹಾಗೆ ಮೇಲೊಂದು ಹಳೆಯ ಕಂಬಳಿ ಹೊದೆಸಿದ್ದ. ವಿಮಾನಕ್ಕೆ ಹತ್ತೊಂಬತ್ತು ಸಾಕು. ಕೈತಪ್ಪಿದರೆ ಇರಲಿ ಅಂತ ಉಳಿದವು.

ಹಳದಿ ಕತ್ತರಿಯ ಪರೀಕ್ಷೆ ಬೇಗ ಮುಗಿಯಿತು, ಎರಡೇ ತಿಂಗಳು. ಕೆಂಪು ಕತ್ತರಿ ಎಡಕ್ಕೆ ಕತ್ತರಿಸುವುದರಿಂದ ಅದನ್ನು ಎಡಗೈಯವರೇ ಪರೀಕ್ಷಿಸಬೇಕೆಂದು ಅಧ್ಯಕ್ಷರು ಅಭಿಪ್ರಾಯಪಟ್ಟರು. ಎಡಗೈಯಲ್ಲಿ ಬರೆಯುವ ಒಬ್ಬ ನೌಕರನನ್ನು ಹುಡುಕಲು ಏಳು ವಾರ ಹಿಡಿಯಿತು. ಸಿಕ್ಕವನು ಅಂಚೆ ವಿಭಾಗದವನು. ಅವನು ಜನ್ಮದಲ್ಲಿ ತಗಡು ಕತ್ತರಿಸಿದವನಲ್ಲ, ಕೈ ಕುಯ್ದುಕೊಂಡ. ಅವನ ಬೆರಳು ವಾಸಿಯಾಗುವವರೆಗೆ ಕೆಂಪು ಕತ್ತರಿಯನ್ನು ಅಮಾನತಿನಲ್ಲಿಡಲಾಯಿತು.

ಇನ್ನು ಬಗ್ಗಿಸುವ ಯಂತ್ರ. ಮೇಸ್ತ್ರಿಯದರಲ್ಲಿ ಬಾಗಿಲ ಕೀಲುಗಳಿದ್ದುದರಿಂದ, ಅದು ಬಾಗಿಲಲ್ಲ ಎಂದು ಕಟ್ಟಡ ವಿಭಾಗದಿಂದ ಪತ್ರ ತರಲು ಸೂಚಿಸಲಾಯಿತು. ಅದು ಬರುವವರೆಗೆ ಸುಮ್ಮನೆ ಕೂರಬಾರದೆಂದು ಬೇರೆ ಮೂರು ಯಂತ್ರಗಳನ್ನು ಹೋಲಿಕೆಗಾಗಿ ತರಿಸಿದೆವು. ನಿಯಮ ಏಳು ಇಂತಿದೆ: ವಿಮಾನವು ಗೃಹನಿರ್ಮಿತವಾದ ಕಾರಣ, ಉಪಕರಣವನ್ನು ಯಾವುದಾದರೊಂದು ಗೃಹದಲ್ಲಿ ಪರೀಕ್ಷಿಸತಕ್ಕದ್ದು. ಯಾರ ಗೃಹ ಎಂದು ನಿಯಮದಲ್ಲಿ ಹೇಳಿಲ್ಲ. ಒಂದು ಯಂತ್ರ ಅಧ್ಯಕ್ಷರ ಮನೆಗೆ ಹೋಯಿತು. ಮಗಳು ಅಡುಗೆಮನೆಯನ್ನು ಹೊಸದಾಗಿ ಮಾಡಿಸುತ್ತಿದ್ದಳು. ಒಂದು ತಜ್ಞ ಸದಸ್ಯರಲ್ಲಿಗೆ ಹೋಯಿತು. ಸಣ್ಣದೊಂದು ನನ್ನ ಮನೆಗೂ ಬಂತು. ನಾನು ಬೇಡವೆಂದೆ. ಇಬ್ಬರು ಪರೀಕ್ಷಿಸಿ ಮೂರನೆಯವರು ಬಿಟ್ಟರೆ ವರದಿ ಸಮತೋಲನ ತಪ್ಪುತ್ತದೆ ಎಂದು ಅಧ್ಯಕ್ಷರು ಗದರಿದರು.

ಎಂಟು ತಿಂಗಳ ಕೊನೆಗೆ ಫಲಿತಾಂಶ ಹೀಗಿತ್ತು: ಅಧ್ಯಕ್ಷರ ಅಡುಗೆಮನೆಯಲ್ಲಿ ಹದಿನೆಂಟು ಅಡಿ ಶೆಲ್ಫು, ತಜ್ಞರ ದವಾಖಾನೆಯಲ್ಲಿ ಹೊಳೆಯುವ ಒಂದು ಕೌಂಟರು, ನಮ್ಮ ಮನೆಯ ನೀರಿನ ಟ್ಯಾಂಕಿಗೆ ಮುಚ್ಚಳ. ಎಲ್ಲವೂ ಮಾದರಿಗಳೆಂದು ಸಂಖ್ಯೆ ಹಾಕಲ್ಪಟ್ಟಿವೆ. ಮೇಸ್ತ್ರಿಯ ಹಾಳೆಗಳಲ್ಲಿ ಹನ್ನೊಂದು ಮುಗಿದಿದ್ದವು.

ಅವನು ಕಚೇರಿಗೆ ಬಂದು ಬಾಗಿಲಲ್ಲೇ ನಿಂತ. "ಸಾರ್, ಸರಿಯಾಗಿ ಹತ್ತೊಂಬತ್ತು ಉಳಿದಿದೆ. ಇನ್ನೊಂದು ಹಾಳೆ ಹೋದ್ರೆ ನನಗೆ ಬಲಗಡೆ ರೆಕ್ಕೆ ಇರಲ್ಲ."

"ಧೈರ್ಯವಾಗಿರಿ ಮೇಸ್ತ್ರಿ," ಎಂದರು ಅಧ್ಯಕ್ಷರು. "ನಮ್ಮ ಶೆಲ್ಫ್ ನೋಡಿದೀರಾ? ಒಂದು ಬಿರುಕಿಲ್ಲ."

"ಅದ್ರ ಮೇಲೆ ಡಬ್ಬ ಇಡ್ತೀರಿ ಸಾರ್. ಇದ್ರ ಮೇಲೆ ನಮ್ಮಕ್ಕ ಕೂರ್ತಾಳೆ."

ಮೇಸ್ತ್ರಿಗೆ ಇನ್ನೊಂದು ಭಯವೂ ಇತ್ತು. ಅದು ನಿಯಮ ಒಂಬತ್ತು. ಉಪಕರಣ ಆಯ್ಕೆಯಾದ ದಿನ ಎಲ್ಲಾ ಮಾದರಿಗಳ ಮೇಲೂ 'ಪರಿಶೀಲಿಸಲಾಗಿದೆ' ಎಂಬ ಉಕ್ಕಿನ ಮುದ್ರೆಯನ್ನು ಸುತ್ತಿಗೆಯಿಂದ ಹೊಡೆದು ಅವನ್ನು ಸಮಿತಿಯ ವಶಕ್ಕೆ ತೆಗೆದುಕೊಳ್ಳಬೇಕು. ಆ ಮುದ್ರೆಯನ್ನು ಮೊದಲ ಸಲ ನೋಡಿದಾಗ ಮೇಸ್ತ್ರಿ ಬಿಳುಚಿಕೊಂಡಿದ್ದ. ತೆಳು ತಗಡಿನಲ್ಲಿ ಒಂದು ಗೀರು ಬಿದ್ದರೂ ಹಾರುವಾಗ ನಡುಗಿ ನಡುಗಿ ಅಲ್ಲಿಂದಲೇ ಹರಿಯುತ್ತದಂತೆ. ಒಂದೊಂದು ಅಕ್ಷರವೂ ಒಂದೊಂದು ಬಿರುಕಿನ ಬೀಜವಂತೆ. ಅವನ ಕಳವಳವನ್ನು ಸಮಿತಿ ಸಹಾನುಭೂತಿಯಿಂದ ಪರಿಗಣಿಸಿ, 'ಈ ಮುದ್ರೆಯುಳ್ಳ ತಗಡು ಹಾರಾಟಕ್ಕೆ ಅನರ್ಹ' ಎಂಬ ಎರಡನೇ ಮುದ್ರೆಯನ್ನೂ ಮಾಡಿಸಿತು. ಸುರಕ್ಷತೆಯ ವಿಷಯದಲ್ಲಿ ನಾವು ರಾಜಿ ಮಾಡಿಕೊಳ್ಳುವುದಿಲ್ಲ.

ಮುಂದಿನ ಸಭೆಗೆ ಅಕ್ಕ ಒಬ್ಬಳೇ ಬಂದಳು. ಕೂರಲಿಲ್ಲ.

"ನನಗಿನ್ನು ಉಳಿದಿರೋದು ನಲವತ್ತೊಂದು ದಿನ ಸಾರ್. ಏನ್ ಮಾಡೋಣ ಹೇಳಿ."

ನಾವು ಕಲ್ಲುಹೃದಯದವರಲ್ಲ. ಅಧ್ಯಕ್ಷರು ಬಿಸ್ಕತ್ತನ್ನು ತಟ್ಟೆಗೆ ವಾಪಸಿಟ್ಟರು. ಅವರು ಹಾಗೆ ಇಟ್ಟಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಬಹಳ ಹೊತ್ತು ಯೋಚಿಸಿ ಅವರು ಒಂದು ಆದೇಶ ಬರೆಸಿದರು: 'ಸಮಿತಿಯ ಪರಿಶೀಲನೆಯಲ್ಲಿ ಕಳೆಯುವ ಕಾಲವು ಸಂಬಂಧಪಟ್ಟ ವ್ಯಕ್ತಿಯ ವಯಸ್ಸಿಗೆ ಸೇರತಕ್ಕದ್ದಲ್ಲ.' ಅಂದರೆ ಕಡತ ತೆರೆದಿರುವಷ್ಟು ಕಾಲವೂ ಅಕ್ಕನ ವಯಸ್ಸು ಅರವತ್ತನಾಲ್ಕು ವರ್ಷ, ಹತ್ತು ತಿಂಗಳು, ಚಿಲ್ಲರೆ ದಿನಗಳಲ್ಲೇ ನಿಲ್ಲುತ್ತದೆ. ಲೈಸೆನ್ಸ್ ಕಚೇರಿಯವರು ನಮ್ಮ ಮುದ್ರೆ ನೋಡಿ ಮರುಮಾತಿಲ್ಲದೆ ಒಪ್ಪಿದರು. ಒಂದು ಕಚೇರಿಯ ಮುದ್ರೆಯನ್ನು ಇನ್ನೊಂದು ಕಚೇರಿ ಅನುಮಾನಿಸತೊಡಗಿದರೆ ಆಡಳಿತ ನಡೆಯುವುದಾದರೂ ಹೇಗೆ?

"ಆಯ್ಕೆ ಆದ್ಮೇಲೆ?" ಎಂದು ಕೇಳಿದಳು ಅಕ್ಕ.

"ಆಯ್ಕೆ ಆದ ಮಾರನೇ ದಿನದಿಂದ ನಿಮ್ಮ ನಲವತ್ತೊಂದು ದಿನ ಮತ್ತೆ ಶುರು ಮೇಡಂ."

"ತಮ್ಮನಿಗೆ ಏಳು ತಿಂಗಳು ಬೇಕು."

"ಅದು ತಮ್ಮನ ವೇಗದ ಪ್ರಶ್ನೆ. ಸಮಿತಿ ಅದರಲ್ಲಿ ಕೈಹಾಕುವುದಿಲ್ಲ."

ಆಯ್ಕೆಯಾಗದಿದ್ದರೆ ಹತ್ಯಾರವಿಲ್ಲ, ಆಯ್ಕೆಯಾದರೆ ದಿನವಿಲ್ಲ. ಅಕ್ಕ ಅಲ್ಲೇ ನಿಂತು ಇದನ್ನು ಮನಸ್ಸಿನಲ್ಲೇ ತಿರುವಿಹಾಕುತ್ತಿದ್ದುದು ನನಗೆ ಕಾಣುತ್ತಿತ್ತು. ಅಳುತ್ತಾಳೇನೋ ಎಂದುಕೊಂಡೆ. ಅವಳು ಅಳಲಿಲ್ಲ. ನಿಯಮಾವಳಿಯ ಒಂದು ಪ್ರತಿ ಕೊಡಿ ಎಂದಳು. ಹದಿನಾಲ್ಕು ವರ್ಷಗಳಲ್ಲಿ ನಿಯಮಾವಳಿಯ ಪ್ರತಿಯನ್ನು ಕೇಳಿ ಪಡೆದವರು ಅವಳೊಬ್ಬಳೇ. ನನಗೆ ಅವಳ ಮೇಲೆ ಗೌರವ ಮೂಡಿದ್ದು ಅವತ್ತಿನಿಂದ.

ಇಲ್ಲೊಂದು ಮಾತು ಹೇಳಿಬಿಡಬೇಕು. ಆ ಆದೇಶದಲ್ಲಿ 'ಸಂಬಂಧಪಟ್ಟ ವ್ಯಕ್ತಿ' ಎಂದಷ್ಟೇ ಇತ್ತು. ಮೂರು ವಾರಗಳ ನಂತರ ನನ್ನ ನಿವೃತ್ತಿಯ ಪತ್ರ ಬಂದಾಗ, ಈ ಕಡತಕ್ಕೆ ನನ್ನಷ್ಟು ಸಂಬಂಧಪಟ್ಟವರು ಇನ್ನಾರಿದ್ದಾರೆ ಎಂದು ಮರು ಪತ್ರ ಬರೆದೆ. ಒಪ್ಪಿಗೆಯಾಯಿತು. ನಾನು ಅಂದಿನಿಂದ ಐವತ್ತೊಂಬತ್ತರಲ್ಲಿದ್ದೇನೆ. ಅಧ್ಯಕ್ಷರೂ ಎಪ್ಪತ್ತು ದಾಟಿಲ್ಲ. ತಜ್ಞ ಸದಸ್ಯರ ಹೆಂಡತಿ ತಮಗೂ ಇದು ಅನ್ವಯಿಸುತ್ತದೆಯೇ ಎಂದು ಕೇಳಿದ್ದಾರೆ.

ನಿಯಮಾವಳಿ ಒಯ್ದ ವಾರದೊಳಗೆ ಅಕ್ಕನಿಂದ ಎರಡು ಸಾಲಿನ ಅರ್ಜಿ ಬಂತು. ನಿಯಮ ಏಳರ ಪ್ರಕಾರ ಮೇಸ್ತ್ರಿಯ ಯಂತ್ರವನ್ನೂ ಮೂರು ಕತ್ತರಿಗಳನ್ನೂ ಒಂದು ಗೃಹದಲ್ಲಿ ಪರೀಕ್ಷಿಸಬೇಕಷ್ಟೆ. ಆ ಗೃಹ ಅರ್ಜಿದಾರರದೇ ಆಗಬಹುದೇ? ನಮ್ಮ ಮೂವರ ಮನೆಗಳಲ್ಲಿ ಇನ್ನು ಜಾಗವಿರಲಿಲ್ಲ. ಕಟ್ಟಡ ವಿಭಾಗದ ಪತ್ರ ಬಂದು, ಅಂಚೆಯವನ ಬೆರಳೂ ವಾಸಿಯಾಗಿದ್ದರಿಂದ ಸಮಿತಿ ಒಪ್ಪಿತು. ಮಾದರಿಯ ಅಳತೆ ಎಷ್ಟು ಎಂದು ಕೇಳಿದಳು. ನಮೂನೆಯಲ್ಲಿ ಆ ಜಾಗ ಖಾಲಿಯಿತ್ತು. ಪರೀಕ್ಷಿಸುವವರ ವಿವೇಚನೆ ಎಂದೆ. ಬಿಡಿ ಬಿಡಿಯಾಗಿಟ್ಟರೆ ಕಳೆದುಹೋಗುವುದಿಲ್ಲವೇ, ಒಂದಕ್ಕೊಂದು ರಿವೆಟ್ ಹೊಡೆದು ಸೇರಿಸಬಹುದೇ ಎಂದಳು. ಸೇರಿಸಲೇಬೇಕು ಎಂದೆ. ಬಿಡಿಬಿಡಿಯಾಗಿ ಬಿದ್ದಿರುವ ಮಾದರಿಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ನಾನು ತಿಂಗಳಿಗೊಮ್ಮೆ ಅವರ ಶೆಡ್ಡಿಗೆ ತಪಾಸಣೆಗೆ ಹೋಗುತ್ತಿದ್ದೆ. ಮೇಸ್ತ್ರಿ ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿ ಕೆಂಪು ಕತ್ತರಿ ಎತ್ತಿಕೊಂಡನೆಂದರೆ ತಗಡು ಬಟ್ಟೆಯ ಹಾಗೆ ತಿರುಗುತ್ತಿತ್ತು. ಅಂಚನ್ನು ಅರದಿಂದ ಸವರಿ, ಹೆಬ್ಬೆರಳು ಆಡಿಸಿ ನೋಡಿ, ಆಮೇಲೆ ಯಂತ್ರಕ್ಕೆ ಕೊಡುತ್ತಿದ್ದ. ಅಕ್ಕ ಇನ್ನೊಂದು ತುದಿ ಹಿಡಿಯುತ್ತಿದ್ದಳು. "ನಿಧಾನ ಕಣೋ," "ಗೊತ್ತು ಬಿಡಕ್ಕ," ಇಷ್ಟೇ ಅವರ ಮಾತು. ಆರನೇ ತಿಂಗಳ ತಪಾಸಣಾ ವರದಿಯಲ್ಲಿ ನಾನು ಹೀಗೆ ಬರೆದೆ: 'ಮುನ್ನೂರ ಹದಿನೆಂಟು ಮಾದರಿಗಳು ಅಚ್ಚುಕಟ್ಟಾಗಿ ಜೋಡಿಸಲ್ಪಟ್ಟಿವೆ. ಜೋಡಣೆಗೆ ಎರಡು ರೆಕ್ಕೆ, ಒಂದು ಬಾಲ, ಎರಡು ಆಸನಗಳಿವೆ. ಮುಂದುಗಡೆ ಒಂದು ಎಂಜಿನ್ ಇರುವುದು ಕಂಡುಬಂತು. ಎಂಜಿನ್ ಈ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ.' ಅಧ್ಯಕ್ಷರು ಓದದೆ ಸಹಿ ಹಾಕಿದರು. ನಾನು ತಿಳಿದೇ ಬರೆದಿದ್ದೆ.

ಉಳಿದದ್ದು ನಿಯಮ ಹನ್ನೊಂದು, ಗಾಳಿ ಪರೀಕ್ಷೆ. ಬಗ್ಗಿಸಿದ ತಗಡನ್ನು ಗಾಳಿಗೆ ಒಡ್ಡಿ ನೋಡಬೇಕು. ತಜ್ಞರು ತಮ್ಮ ಕೌಂಟರಿನ ಎದುರು ಟೇಬಲ್ ಫ್ಯಾನ್ ಇಟ್ಟು ಇದನ್ನು ಮುಗಿಸಿದ್ದರು. ಅಕ್ಕ ತನ್ನ ಮಾದರಿಗಳನ್ನು ಊರಾಚೆಯ ಹಳೆಯ ಔಷಧಿ ವಿಮಾನಗಳ ಮೈದಾನಕ್ಕೆ ಸಾಗಿಸಲು ಅನುಮತಿ ಕೇಳಿದಳು. ಅಲ್ಲಿ ಗಾಳಿ ಚೆನ್ನಾಗಿತ್ತು.

ಅಂದು ಸಾಕ್ಷಿಯಾಗಿ ನಾನೊಬ್ಬನೇ ಇದ್ದೆ. ಮಾದರಿಗಳು ಮೈದಾನದ ತುದಿಯಿಂದ ಓಡಿ ಬಂದವು, ನನ್ನ ಮುಂದೆ ನೆಲ ಬಿಟ್ಟವು, ಮರಗಳ ತಲೆಯ ಮೇಲೆ ಹೋದವು, ಆಮೇಲೂ ಏರುತ್ತಲೇ ಹೋದವು. ಕತ್ತು ನೋಯುವಷ್ಟು ಹೊತ್ತು ನೋಡಿದೆ. ನನಗೆ ಖುಷಿಯಾಯಿತು, ಯಾಕೆ ಸುಳ್ಳು ಹೇಳಲಿ? ಐವತ್ತು ನಿಮಿಷದ ನಂತರ ಇಳಿದರು. ಮೇಸ್ತ್ರಿ ಕೆಳಗಿಳಿದು ನೆಲದ ಮೇಲೆ ಕೂತುಬಿಟ್ಟ. "ಬಸ್ಸುಗಳು ಎಷ್ಟು ಚಿಕ್ಕವು ಸಾರ್," ಅಂದ.

"ಮೇಲೆ ಏನಿತ್ತು ಮೇಡಂ?" ಎಂದು ನಮೂನೆ ತುಂಬಿಸಲು ಕೇಳಿದೆ.

"ಏನೂ ಇರ್ಲಿಲ್ಲ ಸಾರ್," ಎಂದಳು ಅಕ್ಕ. ನಗುತ್ತಿದ್ದಳು, ಕಣ್ಣು ಒರೆಸಿಕೊಳ್ಳುತ್ತಿದ್ದಳು. "ಒಂದು ಗಿಡ ಇಲ್ಲ, ಒಂದು ಪೈರಿಲ್ಲ, ಏನೂ ಇಲ್ಲ!"

ಒಂದೇ ಒಂದ್ಸಲ ಎಂದಿದ್ದವಳು ಮಾರನೇ ದಿನವೂ ಹೋದಳು. ಗಾಳಿ ಪರೀಕ್ಷೆ ಎಷ್ಟು ಸಲ ಎಂದು ನಿಯಮದಲ್ಲಿಲ್ಲ. ಮಳೆಯಿಲ್ಲದ ಪ್ರತಿ ಬೆಳಿಗ್ಗೆಯೂ ಪರೀಕ್ಷೆ ನಡೆಯತೊಡಗಿತು. ಕಡತ ಎಲ್ಲಿದೆ ಎಂದು ನಮೂದಿಸುವ ಪುಸ್ತಕದಲ್ಲಿ ನಾನು ದಿನವೂ ಬೆಳಿಗ್ಗೆ 'ಆಕಾಶದಲ್ಲಿ' ಎಂದೂ, ಹನ್ನೊಂದು ಗಂಟೆಗೆ 'ಶೆಡ್ಡಿನಲ್ಲಿ' ಎಂದೂ ಬರೆಯುತ್ತಿದ್ದೆ. ಇಷ್ಟು ಪರೀಕ್ಷೆಯ ಅನುಭವವಿರುವವರು ಬೇರಾರೂ ಇಲ್ಲವೆಂದು ಸಮಿತಿ ಅಕ್ಕನನ್ನು ಸದಸ್ಯೆಯಾಗಿ ಸೇರಿಸಿಕೊಂಡಿತು. ಹೀಗೆ ಒಂದೂವರೆ ವರ್ಷ ಎಲ್ಲರೂ ಸುಖವಾಗಿದ್ದೆವು.

ಕಳೆದ ಸೋಮವಾರ ಸಭೆಯಲ್ಲಿ ಅಧ್ಯಕ್ಷರು ಇದ್ದಕ್ಕಿದ್ದಂತೆ, "ನೋಡಿ, ಆ ಮೇಸ್ತ್ರಿಯ ಹತ್ಯಾರಗಳೇ ಚೆನ್ನಾಗಿರೋ ಹಾಗಿದೆ. ಅವನ್ನೇ ಆಯ್ಕೆ ಮಾಡಿ ಮುಗಿಸಿಬಿಡೋಣ್ವಾ?" ಎಂದರು. ಅವರ ಅಡುಗೆಮನೆ ಪೂರ್ತಿಯಾಗಿತ್ತು. ಉದ್ಯಾನದ ಬೆಂಚುಗಳ ಸಮಿತಿಯವರು ಅವರನ್ನು ಕರೆಯುತ್ತಿದ್ದರು. ಅವರ ಮನೆಯ ಅಂಗಳದಲ್ಲಿ ಕೂರಲು ಜಾಗವಿಲ್ಲವಂತೆ.

ಬಾಗಿಲ ಹೊರಗೆ ಬೆಂಚಿನ ಮೇಲೆ ಒಬ್ಬ ಹೆಣ್ಣುಮಗಳು ಕೂತಿದ್ದಳು. ವೆಲ್ಡಿಂಗ್ ಕೆಲಸದವಳು. ಹುಟ್ಟಿದಾಗಿನಿಂದ ವಿಮಾನ ಹತ್ತದ ಅಪ್ಪನಿಗಾಗಿ ಒಂದು ವಿಮಾನ ಕಟ್ಟಬೇಕೆಂದು ಎರಡು ವರ್ಷಗಳಿಂದ ಅರ್ಜಿ ಹಿಡಿದು ಬರುತ್ತಿದ್ದಾಳೆ. ಒಂದು ಕಡತ ಮುಗಿಯದೆ ಇನ್ನೊಂದನ್ನು ತೆರೆಯುವಂತಿಲ್ಲ. ಅವಳ ಕಡತ ತೆರೆಯದಿರುವುದರಿಂದ ಅವಳ ಅಪ್ಪನಿಗೆ ವಯಸ್ಸಾಗುತ್ತಲೇ ಇದೆ. ಅಧ್ಯಕ್ಷರ ಮಾತು ಕಿವಿಗೆ ಬಿದ್ದು ಅವಳು ಎದ್ದು ಬಾಗಿಲಿಗೆ ಬಂದು ನಿಂತಳು. ಅವಳ ಮುಖ ಅರಳಿತ್ತು.

ಅಕ್ಕನ ಮುಖ ಬಿಳುಚಿಕೊಂಡಿತು. ಆಯ್ಕೆಯಾದರೆ ಮುನ್ನೂರ ಹದಿನೆಂಟು ಮಾದರಿಗಳ ಮೇಲೂ ಸುತ್ತಿಗೆ ಬೀಳಬೇಕು. ನಲವತ್ತೊಂದು ದಿನಕ್ಕೆ ಲೈಸೆನ್ಸೂ ಹೋಗಬೇಕು.

"ಅಧ್ಯಕ್ಷರೇ," ಎಂದಳು ಅಕ್ಕ ಎದ್ದುನಿಂತು. "ಇದು ಜೀವದ ಪ್ರಶ್ನೆ. ಅವಸರ ಬೇಡ. ಹಸಿರು ಕತ್ತರೀನ ಚಳಿಗಾಲದಲ್ಲಿ ನಾವು ನೋಡೇ ಇಲ್ಲ."

"ಎರಡು ಚಳಿಗಾಲ ಆಯ್ತಲ್ಲ ಮೇಡಂ?"

"ಎರಡೂ ಬೆಚ್ಚಗಿದ್ವು ಸಾರ್."

ತಜ್ಞ ಸದಸ್ಯರು, ಚಳಿಗೆ ಹಲ್ಲೂ ಜುಮ್ಮೆನ್ನುತ್ತದೆ, ಆದ್ದರಿಂದ ಇದನ್ನು ತಳ್ಳಿಹಾಕುವಂತಿಲ್ಲ ಎಂದರು. ನನ್ನನ್ನು ಕೇಳಿದರು. ನನಗೆ ಹೊರಗೆ ನಿಂತವಳ ಮುಖ ಕಾಣುತ್ತಿತ್ತು. ನನ್ನ ಐವತ್ತೊಂಬತ್ತನೇ ವಯಸ್ಸೂ ಕಾಣುತ್ತಿತ್ತು. ಚೆನ್ನಾಗಿ ಚಳಿ ಬೀಳುವ ಒಂದು ಚಳಿಗಾಲಕ್ಕಾಗಿ ಕಾಯುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಅಧ್ಯಕ್ಷರೂ ಕೈ ಎತ್ತಿದರು. ಬೆಂಚುಗಳ ಸಮಿತಿಯನ್ನು ಇದರ ಜೊತೆಗೇ ನೋಡಿಕೊಳ್ಳಬಹುದಂತೆ.

ಅಕ್ಕ ಹೊರಗೆ ಹೋಗುವಾಗ ಆ ಹುಡುಗಿಯ ಮುಂದೆ ನಿಂತಳು. "ಅಪ್ಪನಿಗೆ ಎಷ್ಟಮ್ಮಾ ಈಗ?"

"ಎಪ್ಪತ್ತೊಂದು ಅಕ್ಕಾ."

ಅಕ್ಕ ಅವಳ ತಲೆ ನೇವರಿಸಿ, ಬೇಗ ಬೇಗ ಮೆಟ್ಟಿಲಿಳಿದು ಹೋದಳು. ಬೆಳಿಗ್ಗೆಯ ಗಾಳಿ ನಿಲ್ಲುವ ಹೊತ್ತಾಗಿತ್ತು.

ವೆಲ್ಡಿಂಗ್ ಹುಡುಗಿ ನನ್ನ ಮೇಜಿನ ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡಿದ್ದೆ. "ಅವರು ಹೇಳೋದೂ ಸರೀನೇ ಸಾರ್," ಎಂದಳು. "ಜೀವದ ಪ್ರಶ್ನೆ. ಅವಸರ ಮಾಡಬಾರದು." ನಾನು ಅವಳ ಅರ್ಜಿಯನ್ನು ತೆಗೆದು ನೋಡಿದೆ. ತಂದೆಯ ವಯಸ್ಸು ಅರವತ್ತೊಂಬತ್ತು ಎಂದಿತ್ತು. ಅದನ್ನು ಹೊಡೆದು ಎಪ್ಪತ್ತೊಂದು ಎಂದು ಬರೆಸಿ, ಪಕ್ಕದಲ್ಲಿ ಸಹಿ ಹಾಕಿಸಿಕೊಂಡೆ. ಮುಂದೆ ತಿದ್ದಲು ಸ್ವಲ್ಪ ಜಾಗ ಬಿಡಮ್ಮ ಎಂದೆ. ಬಿಟ್ಟಳು.